ತೊಗರಿ ರಾಶಿ ಹೊತ್ತಿಗೆ ಯಾಜಕಕಾಂಡ

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿಸಿ, ಹೊಸ ವರ್ಷಕ್ಕೆಂದು ಒಂದು ವಚನ ಬರೆದು ಕೊಟ್ಟ ವಾಗ್ದಾನದ ಚೀಟಿಯನ್ನು ಸತ್ಯವೇದದೊಳಗೆ (ಬೈಬಲಿನೊಳಗೆ) ಇಟ್ಟು, "ಈ ವರ್ಷ ಪೂರ್ತಿ ಓದಲೇಬೇಕು" ಅಂತ ಶುರು ಮಾಡುವವರು ಕಲಬುರಗಿ ಕಡೆ ಬಹಳ ಮಂದಿ. ಲೆಕ್ಕವೇನೋ ಸರಿಯಾಗೇ ಕೂಡುತ್ತೆ. ಒಟ್ಟು 1,189 ಅಧ್ಯಾಯ. ದಿನಕ್ಕೆ 3, ಐತವಾರ 5, ಅಂದ್ರೆ ವಾರಕ್ಕೆ 23. ವರ್ಷ ತುಂಬೋದರೊಳಗೆ ಮುಗಿಯುತ್ತೆ. ಆದಿಕಾಂಡದ 50 ಅಧ್ಯಾಯ ಕಥೆಯ ಓಟದಲ್ಲೇ ದಾಟುತ್ತವೆ. ವಿಮೋಚನಕಾಂಡ 25ರಿಂದ ಆರಾಧನೆಯ ಗುಡಾರದ ಅಳತೆ ಶುರುವಾದಾಗ ಕಣ್ಣು ಸಾಲು ಹಾರುತ್ತೆ. ಜನವರಿ ಕೊನೆಗೆ ಮೂರನೆಯ ಪುಸ್ತಕ ಯಾಜಕಕಾಂಡ: ಹೋಮ, ಕೊಬ್ಬು, ರಕ್ತ. ಗುರುತಿನ ದಾರ ಅಲ್ಲೇ ಉಳೀತದೆ.

ಅದೇ ಲೆಕ್ಕದಲ್ಲಿ ಯಾಜಕಕಾಂಡ 19 ಬರೋದು ಫೆಬ್ರವರಿ ಮೊದಲ ವಾರಕ್ಕೆ. ತೊಗರಿ ರಾಶಿಯಾಗಿ ಚೀಲಗಳು ಗಂಜ್ ಮಾರುಕಟ್ಟೆಗೆ ಹೋಗುವ ಹೊತ್ತು ಅದು. ಆ ಅಧ್ಯಾಯದಲ್ಲಿ ಏನಿದೆ ನೋಡಿ: ಹೊಲದ ಅಂಚಿನವರೆಗೂ ಕೊಯ್ಯಬೇಡ, ಹಕ್ಕಲು ಬಡವರಿಗೂ ಪರದೇಶಿಗೂ ಬಿಡು (9-10). ಕೂಲಿಯವನ ಕೂಲಿ ಬೆಳಗಿನತನಕ ನಿನ್ನ ಹತ್ತಿರ ಇರಬಾರದು (13). ತಕ್ಕಡಿ, ತೂಕದ ಕಲ್ಲು ನ್ಯಾಯವಾಗಿರಲಿ (35-36). ನಮ್ಮ ಜಿಲ್ಲೆಯ ರೈತ, ವ್ಯಾಪಾರಿ, ಹಮಾಲ ಮೂವರಿಗೂ ನೇರ ತಾಕುವ ಮಾತು ಇಡೀ ಪುಸ್ತಕದಲ್ಲಿ ಇದಕ್ಕಿಂತ ಹೆಚ್ಚಿಲ್ಲ ಅಂತ ನನ್ನ ಅಂಬೋಣ. ಅಷ್ಟರೊಳಗೆ ನಾವು ಕೈಬಿಟ್ಟಿರ್ತೀವಿ.

ಹಂಗಾಗಿ ವೇಗ ಇಳಿಸಿ. ದಿನಕ್ಕೆ 8ರಿಂದ 12 ವಚನ ಸಾಕು. ಅಭ್ಯಾಸ ಇಲ್ಲದವರು ಕೀರ್ತನೆ 119ರಿಂದ ಶುರು ಮಾಡಬಹುದು. ಎಂಟೆಂಟು ವಚನದ 22 ಕಟ್ಟು, 22 ದಿನ. ನಸುಕಿನಲ್ಲಿ ರೊಟ್ಟಿ ಬಡಿಯುವವರಿಗೆ ಪುಸ್ತಕ ಹಿಡಿಯೋಕೆ ಆಗಲ್ಲ, ಮೊಬೈಲಿನಲ್ಲಿ ಆಡಿಯೋ ಹಚ್ಚಲಿ. ಆದರೆ ಬಡಿಯುವ ಸಪ್ಪಳದಲ್ಲಿ ಅರ್ಧ ಕೇಳಲ್ಲ, ಅದಕ್ಕೇ ಹೊಸ ಅಧ್ಯಾಯಕ್ಕೆ ಹೋಗದೆ ಅದೇ ತುಣುಕನ್ನು ಮೂರು ಸಲ ಹಚ್ಚಬೇಕು.

ಓದಿದ ಮೇಲೆ ನೋಟ್‌ಬುಕ್ಕಿನಲ್ಲಿ ಮೂರೇ ಸಾಲು. ಇದನ್ನು ಯಾರು ಯಾರಿಗೆ ಹೇಳಿದ್ದು? ಕೇಳಿದವರು ಏನು ಮಾಡಬೇಕಿತ್ತು? ಇವತ್ತು ಹೊತ್ತು ಮುಳುಗೋದರೊಳಗೆ ನಾನು ಏನು ಮಾಡ್ತೀನಿ? ಕೆಡೋದು ಮೂರನೆಯ ಸಾಲಿನಲ್ಲೇ. "ನೆರೆಯವರನ್ನು ಪ್ರೀತಿಸುತ್ತೇನೆ" ಅಂತ ಬರೆದರೆ ಸಂಜೆಗೆ ಅಳೆಯೋಕೆ ಬರಲ್ಲ. "ಕಳೆ ತೆಗೆದವರ ಎರಡು ದಿನದ ಬಾಕಿ 6 ಗಂಟೆಯೊಳಗೆ" ಅಂತ ಬರೆದರೆ ಬರುತ್ತೆ. "ಖಾಲಿ ಚೀಲದ ತೂಕ ಅಂತ ಹೇಳಿ ಕಾಳಿನ ತೂಕದಲ್ಲಿ ಹೆಚ್ಚು ಮುರಕೊಳ್ಳಲ್ಲ" ಅಂತಲೂ. ಮಲಗುವಾಗ ಹೌದು ಅಥವಾ ಇಲ್ಲ, ಅಷ್ಟೇ ಬರೀರಿ. ಇಲ್ಲ ಆಗಿದ್ದರೆ ಮರುದಿನವೂ ಅದೇ ವಚನ. ತಪ್ಪಿದ ದಿನಗಳನ್ನು ಒಟ್ಟಿಗೆ ಓದಿ ಸರಿದೂಗಿಸೋಕೆ ಹೋಗಬೇಡಿ. ಬಾಕಿ ಬೆಳೆದಷ್ಟೂ ಪುಸ್ತಕ ಭಾರ ಆಗ್ತದೆ.

ಮೊದಲ ಸಾಲನ್ನು ಹಾರಿಸುವವರಿಗೆ ವಾಗ್ದಾನದ ಚೀಟಿಯೇ ಸಾಕ್ಷಿ. ನಿಮಗೆ ಒಳ್ಳೆಯ ಭವಿಷ್ಯ ಕೊಡೋದೇ ನನ್ನ ಆಲೋಚನೆ ಅಂತ ದೇವರು ಹೇಳುವ ಯೆರೆಮೀಯ 29:11 ಎಲ್ಲರಿಗೂ ಬಾಯಿಪಾಠ. ಅದು ಬಾಬೆಲಿಗೆ ಸೆರೆ ಹೋದ ಯೆಹೂದ್ಯರಿಗೆ ಬರೆದ ಪತ್ರ. ಹಿಂದಿನ ವಚನ 70 ವರ್ಷ ಕಾಯೋ ಮಾತಾಡ್ತದೆ. 5ರಿಂದ 7ರಲ್ಲಿ ಮನೆ ಕಟ್ಟಿ, ತೋಟ ಹಾಕಿ, ಆ ಊರಿನ ಕ್ಷೇಮಕ್ಕೆ ಪ್ರಾರ್ಥಿಸಿ ಅಂತಿದೆ. ದುಡಿಮೆಗೆ ಪುಣೆ, ಹೈದರಾಬಾದ್ ಸೇರಿದವರಿಗೆ ಚೀಟಿಗಿಂತ ಈ ಮೂರು ವಚನ ಹೆಚ್ಚು ಕೆಲಸಕ್ಕೆ ಬರ್ತವೆ.

ಇನ್ನೊಂದು ತೊಡಕು ಯಾಜಕಕಾಂಡ 19:19ರಲ್ಲೇ ಇದೆ: ಹೊಲದಲ್ಲಿ ಎರಡು ಬಗೆ ಬೀಜ ಬಿತ್ತಬಾರದು. ತೊಗರಿ ಸಾಲಿನ ನಡುವೆ ಹೆಸರು, ಉದ್ದು ಹಾಕುವವರು ಹೆದರಬೇಕೇ? ಸತ್ಯವೇದದ ಎರಡನೆಯ ಭಾಗವಾದ ಹೊಸ ಒಡಂಬಡಿಕೆ ಏನನ್ನು ಮತ್ತೆ ಎತ್ತಿ ಹೇಳ್ತದೆ ಅಂತ ನೋಡಬೇಕು. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಅನ್ನುವ 18ನೇ ವಚನದ ಮಾತನ್ನು ಯೇಸು ಮಾರ್ಕ 12:31ರಲ್ಲಿ ಎತ್ತಿಕೊಂಡ. ತಡೆಹಿಡಿದ ಕೂಲಿ ಕೂಗುತ್ತೆ ಅಂತ ಯಾಕೋಬ 5:4 ಹೇಳ್ತದೆ. ಬೀಜದ ಮಾತು ಅಲ್ಲೆಲ್ಲೂ ಇಲ್ಲ. ಉದ್ದು ಬಿತ್ತಿ, ಕಿತ್ತವರ ಕೂಲಿ ಅವತ್ತೇ ಕೊಡಿ.