ನನ್ನ 28 ಗಂಟೆ ಎಲ್ಲಿ ಹೋಯ್ತು?

"ಚಿಕ್ಕಮ್ಮ, ನನ್ನ 28 ಗಂಟೆ ಎಲ್ಲಿ ಹೋಯ್ತು?"

ಭಾನುವಾರ ರಾತ್ರಿ ಅಕ್ಕನ ಮಗ ಫೋನಿನಲ್ಲಿ ಕೇಳಿದ್ದು ಇಷ್ಟೇ. ಫೈನಲ್ ಫ್ಯಾಂಟಸಿ 7ರ ಮೊದಲ ಡಿಸ್ಕ್ ಮುಗಿಸಿ, ಸೇವ್ ಮಾಡಿ, ಗೇಮುಗಳನ್ನು ಪಟ್ಟಿಮಾಡಿ ತೆರೆದುಕೊಡುವ ಲಾಂಚರ್ ಪ್ಲೇನೈಟ್‌ನಲ್ಲಿ 'ಡಿಸ್ಕ್ 2' ಎಂದಿದ್ದನ್ನು ಒತ್ತಿದ್ದಾನೆ. ಕಂಟಿನ್ಯೂ ಕೊಟ್ಟರೆ, ಸೇವ್ ಮಾಡಿದ್ದು ಉಳಿಯುವ ಮೆಮರಿ ಕಾರ್ಡ್ ಖಾಲಿ.

ಏನೂ ಹೋಗಿರಲಿಲ್ಲ. 1997ರ ಈ ಪ್ಲೇಸ್ಟೇಷನ್ ಗೇಮ್ ಮೂರು ಡಿಸ್ಕಿನದು. ಆಗೆಲ್ಲ ಡಿಸ್ಕ್ ಬದಲಿಸಿದರೂ ಕಾರ್ಡ್ ಕನ್ಸೋಲಿನಲ್ಲೇ ಇರುತ್ತಿತ್ತು. ಹಳೆಯ ಗೇಮುಗಳನ್ನು ಕಂಪ್ಯೂಟರಿನಲ್ಲಿ ಆಡಿಸುವ ರೆಟ್ರೋಆರ್ಚ್‌ನ ಬೀಟಲ್ ಪಿಎಸ್‌ಎಕ್ಸ್ ಕೋರ್‌ನಲ್ಲಿ (ಪ್ಲೇಸ್ಟೇಷನ್ನಿನಂತೆ ನಡೆಯುವ ಅದರ ಭಾಗ) ಹಾಗಲ್ಲ. ಯಾವ ಫೈಲ್ ತೆರೆದಿರೋ ಅದೇ ಹೆಸರಿನಲ್ಲಿ ಒಂದು ಎಸ್‌ಆರ್‌ಎಂ ಫೈಲ್ ಹುಟ್ಟುತ್ತದೆ, ಅದೇ ಕಾರ್ಡ್. ಡಿಸ್ಕ್ 2 ಬೇರೆ ಫೈಲಾದ್ದರಿಂದ ಅದಕ್ಕೆ ಹೊಸ ಕಾರ್ಡ್ ಸಿಕ್ಕಿತ್ತು. ಖಾಲಿಯದೂ ತುಂಬಿದ್ದೂ 128 ಕೆಬಿಯೇ ಆದ್ದರಿಂದ ಗಾತ್ರ ನೋಡಿದರೆ ತಿಳಿಯುವುದಿಲ್ಲ, ಫೈಲ್ ಬದಲಾದ ತಾರೀಖು ನೋಡಬೇಕು.

ಕಂಪ್ಯೂಟರ್ ಜೋಡಿಸಿಕೊಟ್ಟಾತ ಗೇಮ್ ಫೈಲುಗಳೆಲ್ಲವನ್ನೂ ಒಂದೇ ಫೋಲ್ಡರಿಗೆ ಸುರಿದು, ಪ್ಲೇನೈಟ್‌ನಲ್ಲಿ ಸ್ಕ್ಯಾನ್ ಕೊಟ್ಟು ಎದ್ದುಹೋಗಿದ್ದ. ಮುಖಚಿತ್ರಗಳು ಚೆಂದವಾಗಿ ಕೂತಿದ್ದವು. ಇಂಥ ಕೆಲಸಕ್ಕೆ ನನ್ನ ಒಪ್ಪಿಗೆಯಿಲ್ಲ. ಲಾಂಚರ್ ಗೇಮನ್ನು ಇಟ್ಟುಕೊಳ್ಳುವುದಿಲ್ಲ, ಅದು ಎಲ್ಲಿದೆ ಎಂಬುದನ್ನಷ್ಟೇ ಬರೆದಿಟ್ಟುಕೊಳ್ಳುತ್ತದೆ. ಮೊದಲು ಫೈಲುಗಳು ಸರಿಯಾಗಬೇಕು, ಸ್ಕ್ಯಾನ್ ಆಮೇಲೆ.

ಸರಿಮಾಡಿದ್ದು ಹೀಗೆ. ಪ್ರತಿ ಡಿಸ್ಕಿನ ಕ್ಯೂ ಫೈಲನ್ನು (ಡಿಸ್ಕಿನ ವಿವರ ಬರೆದ ಪುಟ್ಟ ಫೈಲ್; ಮಾಹಿತಿಯೆಲ್ಲ ತುಂಬಿರುವ ಬಿನ್ ಅಲ್ಲ) ಸಿಎಚ್‌ಡಿಮ್ಯಾನ್ ಎಂಬ ಪರಿವರ್ತಕಕ್ಕೆ ಕೊಟ್ಟು, ಡಿಸ್ಕಿಗೊಂದರಂತೆ ಸಿಎಚ್‌ಡಿ ಎಂಬ ಕುಗ್ಗಿಸಿದ ಫೈಲ್ ಮಾಡಿಸಿದೆ. ಮೂರನ್ನೂ ಒಳಫೋಲ್ಡರಿಗೆ ಸರಿಸಿದೆವು. ಹೊರಗೆ ನೋಟ್‌ಪ್ಯಾಡಿನಲ್ಲಿ ಒಂದು ಎಂ3ಯು ಫೈಲ್, ಅಂದರೆ ಡಿಸ್ಕುಗಳ ಪಟ್ಟಿ: ಸಾಲಿಗೊಂದು ಡಿಸ್ಕಿನಂತೆ ಮೂರು ಸಾಲು, ಒಳಫೋಲ್ಡರಿನ ಹೆಸರೂ ಸೇರಿಸಿ. ಇನ್ನು ಮುಂದೆ ತೆರೆಯುವುದು ಇದೊಂದನ್ನೇ, ಆದ್ದರಿಂದ ಮೂರು ಡಿಸ್ಕಿಗೂ ಒಂದೇ ಕಾರ್ಡ್. ಇಲ್ಲಿ ಬಹಳ ಜನ ಎಡವುತ್ತಾರೆ. ವಿಂಡೋಸ್ ಫೈಲಿನ ಹೆಸರಿನ ಬಾಲಕ್ಕೆ ಟಿಎಕ್ಸ್‌ಟಿ ಅಂಟಿಸಿ ಅದನ್ನು ಮುಚ್ಚಿಡುತ್ತದೆ. ಸೇವ್ ಮಾಡುವಾಗ 'ಆಲ್ ಫೈಲ್ಸ್' ಆರಿಸಬೇಕು. ಆಮೇಲೆ ರೆಟ್ರೋಆರ್ಚ್ ಮುಚ್ಚಿ, ಡಿಸ್ಕ್ 1ರ ಎಸ್‌ಆರ್‌ಎಂ ನಕಲು ತೆಗೆದು, ಅದಕ್ಕೆ ಎಂ3ಯುವಿನ ಹೆಸರನ್ನೇ ಅಕ್ಷರ ತಪ್ಪದಂತೆ ಇಟ್ಟೆವು. ಮೂಲವನ್ನು ಮುಟ್ಟಲಿಲ್ಲ.

ಪ್ಲೇನೈಟ್‌ನಲ್ಲಿ ಹಳೆಯ ನಮೂದುಗಳನ್ನು ತೆಗೆದು, ಒಳಫೋಲ್ಡರ್ ಬಿಟ್ಟು ಮತ್ತೆ ಸ್ಕ್ಯಾನ್. ನಮೂದು ತೆಗೆದರೆ ಫೈಲ್ ಅಳಿಯುವುದಿಲ್ಲ. ಆಟದ ಸಮಯದ ಲೆಕ್ಕ ಮಾತ್ರ ಅಳಿಯುತ್ತದೆ, ಅದನ್ನು ಮೊದಲೇ ಬರೆದಿಟ್ಟು ಹೊಸ ನಮೂದಿಗೆ ಕೈಯಾರೆ ತುಂಬಬೇಕು. ಡಿಸ್ಕ್ ಬದಲಿಸಲು ಆಟದ ನಡುವೆ ಎಫ್1, ಡಿಸ್ಕ್ ಕಂಟ್ರೋಲ್, ಇಜೆಕ್ಟ್, ಸಂಖ್ಯೆ ಬದಲಿಸಿ ಇನ್ಸರ್ಟ್.

ಆ ಪ್ರಶ್ನೆ ವಾರವಿಡೀ ಕಿವಿಯಲ್ಲಿದೆ. ಪರದೆಯ ಮೇಲೆ 28 ಗಂಟೆ ಕಾಣುತ್ತಲೇ ಇತ್ತು, 'ಡಿಸ್ಕ್ 1' ಎಂಬುದರ ಕೆಳಗೆ. ಅದು ಲಾಂಚರಿನ ಎಣಿಕೆ. ಮಗು ಆಡಿದ ನಿಜವಾದ ಗಂಟೆಗಳಿದ್ದದ್ದು ಯಾರೂ ತೆರೆದು ನೋಡದ 128 ಕೆಬಿಯಲ್ಲಿ. ಪ್ಲೇನೈಟ್‌ನ ಬ್ಯಾಕಪ್‌ನಲ್ಲಿ ಈ ಫೈಲ್ ಇರುವುದಿಲ್ಲ; ರೆಟ್ರೋಆರ್ಚ್‌ನ ಸೇವ್ಸ್ ಫೋಲ್ಡರನ್ನು ಬೇರೆಯಾಗಿಯೇ ನಕಲಿಸಬೇಕು. ಅದನ್ನು ಅವನ ಕೈಯಿಂದಲೇ ಪೆನ್‌ಡ್ರೈವ್‌ಗೆ ಹಾಕಿಸಿದ ಮೇಲೆ ಫೋನ್ ಇಟ್ಟೆ.