ಡಬ್ಬಿಯ ಬೆನ್ನು ಓದಿದ ಮೇಲೆ

ಕಳೆದ ಆಷಾಢದ ಒಂದು ಬೆಳಿಗ್ಗೆ ಕಾರಿನ ಬಾನೆಟ್ ಎತ್ತಿ ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಎಳೆದರೆ, ಎಂಜಿನ್ ಆಯಿಲ್ ಮೇಲಿನ ಗುರುತನ್ನೂ ದಾಟಿ ನಿಂತಿತ್ತು. ಹಳೆಯ ಜೀಪು ಆಯಿಲ್ ಕುಡಿಯುತ್ತಿತ್ತು, ಇದು ಕೆಚ್ಚಲು ತುಂಬಿಕೊಂಡಿದೆಯಲ್ಲ ಎಂದು ನಗುತ್ತಲೇ ಬೆರಳಿಗೆ ಹಚ್ಚಿಕೊಂಡು ಮೂಸಿದೆ. ಡೀಸೆಲ್ ವಾಸನೆ.

ತಪ್ಪು ನನ್ನ ತಿರುಗಾಟದ್ದೇ. ಮನೆಯಿಂದ ತೀರ್ಥಹಳ್ಳಿ ಪೇಟೆಗೆ ಆರು ಕಿಲೋಮೀಟರ್. ಅಡಿಕೆಯ ಕೊಳೆರೋಗದ ಔಷಧಿಗೆಂದು ಮೈಲುತುತ್ತ, ಸುಣ್ಣ ತರಲು ಮಳೆಗಾಲವಿಡೀ ಅಷ್ಟೇ ದೂರದ ಓಡಾಟ. ಬಿಎಸ್6, ಅಂದರೆ ಈಗಿನ ಹೊಗೆ ನಿಯಮದ ಡೀಸೆಲ್ ಕಾರಿನ ಹೊಗೆಯ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಜರಡಿ ಇದೆ. ಅದು ತುಂಬಿದಾಗ ಎಂಜಿನ್ ಹೆಚ್ಚುವರಿ ಡೀಸೆಲ್ ಹಾಯಿಸಿ ಆ ಮಸಿಯನ್ನು ಸುಡುತ್ತದೆ. ಸುಟ್ಟು ಮುಗಿಯುವ ಮೊದಲೇ ನಾನು ಅಂಗಡಿಯ ಮುಂದೆ ಆಫ್ ಮಾಡಿರುತ್ತೇನೆ. ಮತ್ತೆ ಹೊರಟಾಗ ಅದು ಮತ್ತೆ ಶುರುಮಾಡುತ್ತದೆ. ಪ್ರತಿ ಸಲವೂ ಉರಿಯದ ಡೀಸೆಲ್ ಸ್ವಲ್ಪ ಸ್ವಲ್ಪವೇ ಸಿಲಿಂಡರ್ ಗೋಡೆಗುಂಟ ಇಳಿದು ಆಯಿಲ್ ಸೇರುತ್ತದೆ, ಆಯಿಲ್ ನೀರಿನಂತೆ ತೆಳುವಾಗುತ್ತದೆ. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದ ದಂಡವಾದರೋ ನಿಮಿಷಕ್ಕೆ ಲಕ್ಷ ಸುತ್ತನ್ನೂ ಮೀರಿ ತಿರುಗುವಂಥದ್ದು, ಅದೂ ಆ ತೆಳು ಆಯಿಲ್ ಪದರದ ಮೇಲೆ ತೇಲುತ್ತ!

ಬದಲಿಸಲೇಬೇಕಿತ್ತು. "ಟಿಲ್ಲರಿಗೆ ತಂದ ಡಬ್ಬಿ ಹಾಗೇ ಇದೆಯಲ್ಲ, ದಪ್ಪ ಇದ್ದಷ್ಟೂ ಒಳ್ಳೆಯದು" ಎಂದರು ಅಪ್ಪಯ್ಯ. ಟಿಲ್ಲರಿಗೆ ಟರ್ಬೊವೂ ಇಲ್ಲ, ಜರಡಿಯೂ ಇಲ್ಲ ಎಂದು ಹೇಳಿ ಶಿವಮೊಗ್ಗಕ್ಕೆ ಹೊರಟೆ. ಅಂಗಡಿಯಲ್ಲಿ ಎರಡು ಡಬ್ಬಿ ಇಟ್ಟರು. ಎರಡರ ಮೇಲೂ 5ಡಬ್ಲ್ಯೂ-30, ಒಂದರ ಬೆಲೆ ಮಾತ್ರ ಕಡಿಮೆ. ಮೊದಲಿನ 5 ಚಳಿಯಲ್ಲಿನ ದಪ್ಪದ ಗುರುತು, ನಮಗೆ ಅಷ್ಟೇನೂ ಮುಖ್ಯವಲ್ಲ. ಅದರ ಪರೀಕ್ಷೆ ನಡೆಯುವುದು ಸೊನ್ನೆಗಿಂತ 30 ಡಿಗ್ರಿ ಕೆಳಗೆ. ಆಗುಂಬೆಯ ಡಿಸೆಂಬರೂ ಅದರ ಮುಂದೆ ಬೇಸಿಗೆಯೇ. 30 ಎಂಬುದು ಆಯಿಲ್ ಕಾದಾಗಿನ ದಪ್ಪ. ನಾನು ಹುಡುಕುತ್ತಿದ್ದ ಆಯಿಲಿನ ದರ್ಜೆ ಡಬ್ಬಿಯ ಹಿಂಬದಿಯಲ್ಲಿ, ಸಣ್ಣಕ್ಷರದಲ್ಲಿತ್ತು. ಅಗ್ಗದ್ದರ ಮೇಲೆ ಎ3/ಬಿ4, ಇನ್ನೊಂದರ ಮೇಲೆ ಸಿ3. ನನ್ನ ಕಾರಿನ ಪುಸ್ತಕ ಕೇಳುವುದು ಸಿ3, ಅಂದರೆ ಬೂದಿ ಕಡಿಮೆ ಬಿಡುವ ಆಯಿಲ್. ಬಚ್ಚಲ ಒಲೆ ಉರಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮಸಿ ಇನ್ನೊಮ್ಮೆ ಉರಿದೀತು, ಬೂದಿ ಉರಿಯದು. ಆಯಿಲಿನ ಬೂದಿ ಜರಡಿಯಲ್ಲೇ ಕೂರುತ್ತದೆ, ಜರಡಿಯ ಬೆಲೆ ಕೇಳಿದರೆ ಒಂದು ವರ್ಷದ ಅಡಿಕೆ ನೆನಪಾಗುತ್ತದೆ.

ಭಾವನದು ಟರ್ಬೊ ಪೆಟ್ರೋಲ್ ಕಾರು. ಹುಲಿಕಲ್ ಘಾಟಿಯನ್ನು ಮೇಲಿನ ಗೇರಿನಲ್ಲೇ ಎಳೆಸುವ ಅಭ್ಯಾಸ ಬೇರೆ. ಅಂಥ ಎಂಜಿನ್ನುಗಳಲ್ಲಿ ಕಿಡಿ ಬೀಳುವ ಮೊದಲೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ನಿಗೆ ಪೆಟ್ಟಾಗುವುದುಂಟು. 2020ರಲ್ಲಿ ಬಂದ, ಎಪಿಐ ಎಂಬ ಅಮೆರಿಕದ ಸಂಸ್ಥೆಯ ಎಸ್‌ಪಿ ಆಯಿಲ್ ದರ್ಜೆಯಲ್ಲಿ ಅದಕ್ಕೆಂದೇ ಪರೀಕ್ಷೆ ಇದೆ. ಅವನಿಗೆ ಆ ಡಬ್ಬಿ ಕೊಡಿಸಿದೆ. ಗೇರ್ ಇಳಿಸು ಎಂದದ್ದನ್ನು ಮಾತ್ರ ಅವನು ಕೇಳಿಸಿಕೊಳ್ಳಲಿಲ್ಲ.

ಈಗ ವಾರಕ್ಕೊಮ್ಮೆ ಸುಮ್ಮನಾದರೂ ಶಿವಮೊಗ್ಗದ ದಾರಿಯಲ್ಲಿ ಗಾಜನೂರಿನವರೆಗೆ ಒಂದೇ ವೇಗದಲ್ಲಿ ಓಡಿಸುತ್ತೇನೆ, ಮಸಿ ಪೂರ್ತಿ ಸುಡಲಿ ಎಂದು. ಸೋಮೇಶ್ವರದಿಂದ ಆಗುಂಬೆಯ 14 ತಿರುವು ಹತ್ತಿ ಬಂದಾಗ ಎಂಜಿನ್ ತಕ್ಷಣ ನಿಲ್ಲಿಸುವುದಿಲ್ಲ. ನಿಲ್ಲಿಸಿದರೆ ಕಾದ ಟರ್ಬೊದೊಳಗೆ ಹರಿಯದೆ ಉಳಿದ ಆಯಿಲ್, ದೋಸೆ ಕಾವಲಿಯ ಅಂಚಿನ ಜಿಡ್ಡಿನ ಹಾಗೆ ಕರಿಕಟ್ಟುತ್ತದೆ. ಒಂದು ನಿಮಿಷ ಸುಮ್ಮನೆ ಓಡುತ್ತಿರಲಿ ಎಂದು ಬಿಡುತ್ತೇನೆ. ಪಕ್ಕದಲ್ಲಿ ಅಪ್ಪಯ್ಯ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಿಸಿ ಬಾಯಿಗೆ ಹಾಕಿಕೊಂಡ ಮೇಲೆ ಕೀ ತಿರುಗಿಸಿದರೆ ಸರಿಯಾಗುತ್ತದೆ.