ಟೇಪ್ ಸುತ್ತಿದ್ದ ಡಿಟೆಕ್ಟರ್

ನಾವು ಹಡಗುಗಳಿಗೆ ಫ್ಲೇಮ್ ಡಿಟೆಕ್ಟರ್, ಅಂದರೆ ಬೆಂಕಿಯ ಜ್ವಾಲೆಯನ್ನು ಗುರುತಿಸುವ ಸಾಧನ ಮಾಡುತ್ತೇವೆ. ಇಲ್ಲಿಗೆ ಕೆಲಸಕ್ಕೆ ಬಂದ ಹೊಸದರಲ್ಲಿ ನನ್ನನ್ನು ಒಂದು ಹಳೇ ಹಡಗಿನ ಎಂಜಿನ್ ರೂಮಿಗೆ ಇಳಿಸಿದ್ದರು. ಸೆಕೆಂಡ್ ಎಂಜಿನಿಯರ್ ಟಾರ್ಚ್ ಬಿಟ್ಟು ಮೇಲೆ ತೋರಿಸಿದರು. ಫ್ಲೇಮ್ ಡಿಟೆಕ್ಟರಿನ ಗಾಜಿಗೆ ಪ್ಲಾಸ್ಟಿಕ್ ಚೀಲ ಮುಚ್ಚಿ, ಸುತ್ತ ಟೇಪ್ ಹಾಕಿದ್ದರು. ಟೇಪಿನ ಅಂಚಿನಲ್ಲಿ ಎಣ್ಣೆಜಿಡ್ಡು ಕರಿಗಟ್ಟಿತ್ತು. ಅದು ಹಳೇ ಅಲ್ಟ್ರಾವೈಲೆಟ್ (ನೇರಳಾತೀತ ಬೆಳಕು ನೋಡುವ) ಮಾದರಿ, ವೆಲ್ಡಿಂಗ್ ಕಿಡಿಯಲ್ಲೂ ಅದೇ ಬೆಳಕು ಇರುತ್ತದೆ. ಯಾರಾದರೂ ವೆಲ್ಡಿಂಗ್ ಶುರು ಮಾಡಿದರೆ ಸಾಕು, ಅಲಾರಂ ಹೊಡೆಯುತ್ತಿತ್ತಂತೆ.

ನನಗೆ ಆ ಹಡಗಿನವರ ಮೇಲೆ ಸಿಟ್ಟು ಬರಲಿಲ್ಲ. ಹತ್ತು ಸಲ ಸುಮ್ನೆ ಕೂಗಿದ್ದನ್ನು ಹನ್ನೊಂದನೇ ಸಲ ಯಾರು ನಂಬುತ್ತಾರೆ? ಆದರೆ ಭಯವಾಯಿತು. ನಡುಸಮುದ್ರದಲ್ಲಿ ಬೆಂಕಿ ಬಿದ್ದರೆ ಆರಿಸಬೇಕಾದವರೂ ಅವರೇ, ಓಡಲು ಜಾಗವಿಲ್ಲದವರೂ ಅವರೇ.

ಊರಿಂದ ಫೋನ್ ಮಾಡಿದವರು "ಹೊಗೆ ಕಂಡುಹಿಡಿಯೋ ಡಿಟೆಕ್ಟರ್ ಇದೆಯಲ್ಲ, ಸಾಲದಾ?" ಅಂತ ಕೇಳುತ್ತಾರೆ. ಸಾಲದು. ಎಂಜಿನ್ ರೂಮಿನಲ್ಲಿ ದೊಡ್ಡ ಫ್ಯಾನುಗಳು ಸದಾ ಗಾಳಿ ನೂಕುತ್ತಿರುತ್ತವೆ, ಹೊಗೆ ಎಲ್ಲೆಲ್ಲೋ ಹೋಗುತ್ತದೆ. ಇಂಧನದ ಪೈಪು ಬಿರಿದು ಎಣ್ಣೆ ಬಿಸಿ ಎಕ್ಸಾಸ್ಟಿನ ಮೇಲೆ ಚಿಮ್ಮಿದರೆ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ. ಅದಕ್ಕೇ, ಎಣ್ಣೆ ತಾಗುವ ಸಾಧ್ಯತೆ ಇದ್ದ ಕಡೆ 220 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಕಾಯುವ ಭಾಗಗಳಿಗೆ ಹೊದಿಕೆ ಇರಬೇಕು ಅಂತ ಸೋಲಾಸ್ (ಹಡಗು ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದ) ನಿಯಮವೇ ಇದೆ. ರಿಪೇರಿಗೆ ಬಿಚ್ಚಿದ ಹೊದಿಕೆ ಮತ್ತೆ ಸರಿಯಾಗಿ ಕೂರದಿದ್ದರೆ ಅಲ್ಲೇ ಅಪಾಯ.

ನಾವು ಮಾಡುವುದು ಇನ್ಫ್ರಾರೆಡ್, ಅಂದರೆ ಕಣ್ಣಿಗೆ ಕಾಣದ ಅವಕೆಂಪು ಬೆಳಕು ನೋಡುವ ಮಾದರಿ. ಎಣ್ಣೆ ಉರಿದಾಗ ಬಿಸಿ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದಲ್ವಾ, ಅದು 4.3 ಮೈಕ್ರಾನ್ ಅಲೆಯುದ್ದದ ಆಸುಪಾಸಿನಲ್ಲಿ ಜೋರಾಗಿ ಹೊಳೆಯುತ್ತದೆ. ಜೊತೆಗೆ ಜ್ವಾಲೆ ಸೆಕೆಂಡಿಗೆ ಹಲವು ಸಲ ಮಿನುಗುತ್ತದೆ. ಈ ಎರಡೂ ಸಿಕ್ಕರೆ ಬೆಂಕಿ ಅಂತ ಲೆಕ್ಕ.

ಲ್ಯಾಬಿನಲ್ಲಿ ಇದು ಚೆನ್ನಾಗಿಯೇ ನಡೆಯಿತು. ಹಡಗಿನಲ್ಲಿ ಎಡವಿತು. ನಿಮಿಷಕ್ಕೆ 90 ಸುತ್ತು ತಿರುಗುವ, ನಾಲ್ಕು ಅಲಗಿನ ಪ್ರೊಪೆಲ್ಲರ್ ಸೆಕೆಂಡಿಗೆ ಆರು ಸಲ ಹಡಗನ್ನು ನಡುಗಿಸುತ್ತದೆ. ಜ್ವಾಲೆ ಮಿನುಗುವುದೂ ಹೆಚ್ಚುಕಡಿಮೆ ಇದೇ ವೇಗದಲ್ಲಿ! ಡಿಟೆಕ್ಟರ್ ಅಲುಗಿದರೆ ಕಂಬಿಯ ಮರೆಯಲ್ಲಿರುವ ಬಿಸಿ ಪೈಪು ಅದಕ್ಕೆ ಮಿನುಗಿದ ಹಾಗೆ ಕಾಣುತ್ತದೆ. ಇದು ಅರ್ಥವಾಗಲು ನಮಗೆ ತಿಂಗಳುಗಳೇ ಹಿಡಿದವು. ಈಗ ಒಂದರ ಬದಲು ಮೂರು ಸೆನ್ಸರ್ ಇಟ್ಟಿದ್ದೇವೆ. ನಡುವಿನದು 4.3ರ ಸುತ್ತ ನೋಡಿದರೆ ಉಳಿದೆರಡು ಅಕ್ಕಪಕ್ಕದ ಅಲೆಗಳನ್ನು ನೋಡುತ್ತವೆ. ಬಿಸಿ ಲೋಹ ಮೂರರಲ್ಲೂ ಕಾಣುತ್ತದೆ. ಬೆಂಕಿ ನಡುವಿನದರಲ್ಲಿ ಎದ್ದು ಕಾಣುತ್ತದೆ.

ಗಾಜಿನ ಮೇಲೆ ಕೂರುವ ಎಣ್ಣೆಪದರದ ಜೊತೆ ಗುದ್ದಾಟ ಇನ್ನೂ ಮುಗಿದಿಲ್ಲ.

ಈಗ ಮೆಥನಾಲ್ ಇಂಧನದ ಹಡಗುಗಳೂ ಬರುತ್ತಿವೆ. ಹೋದ ವಾರ ಹಗಲು ಬೆಳಕಲ್ಲಿ ಒಂದು ಟ್ರೇ ಮೆಥನಾಲ್ ಹೊತ್ತಿಸಿದೆವು. ಜ್ವಾಲೆ ಕಣ್ಣಿಗೆ ಬೀಳಲೇ ಇಲ್ಲ, ಟ್ರೇಯ ಹಿಂದಿನ ಗೋಡೆ ಮಾತ್ರ ಬಿಸಿಗಾಳಿಯಲ್ಲಿ ಅಲುಗಾಡಿದಂತಿತ್ತು. ನಾವು ಇನ್ನೂ ಹತ್ತಿದೆಯೋ ಇಲ್ಲವೋ ಅಂತ ಬಗ್ಗಿ ನೋಡುತ್ತಿದ್ದೆವು. ಅಷ್ಟರಲ್ಲಿ ಡಿಟೆಕ್ಟರಿನ ಕೆಂಪು ದೀಪ ಹತ್ತಿತು.